ಎಣ್ಣೆ ತೇಲಿದ ತೊಟ್ಟಿ

ಹೊಳೆದಂಡೆಯ ಆಶ್ರಮಕ್ಕೆ ಈರಭದ್ರ ಬಂದ. ಬಂದ ಅನ್ನೋದಕ್ಕಿಂತ ನುಗ್ಗಿದ. ಅವನ ಮುಖದ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಅಡವಯ್ಯ ಗುರುಗಳು ದೀಪಕ್ಕೆ ಎಣ್ಣೆ ಹಾಕ್ತಿದ್ದರು.

“ಗುರುಗಳೇ, ನನ್ನ ತಮ್ಮನ್ನ ಮನೆಯಿಂದ ಓಡಿಸ್ತೀನಿ. ಇವತ್ತೇ!”

“ಕೊಟ್ರೇಶಿನಾ? ಏನು ಮಾಡಿದ?”

“ತೊಟ್ಟಿಗೆ ಇಳಿದ.”

“ಮತ್ತೆ ತೊಟ್ಟಿ ಯಾರಿಗೆ ಮಾಡಿಟ್ಟಿದ್ದೆ? ಎಮ್ಮೆಗಾ?”

ಈರಭದ್ರ ಮರಗೆಲಸ ಕಲಿಯೋಕೆ ಜಪಾನಿಗೆ ಹೋಗಿ ಬಂದವನು. ಬಂದವನೇ ಮನೆಯ ಬಚ್ಚಲು ಒಡೆದು ಅಲ್ಲಿಯ ಥರದ್ದೇ ಕಟ್ಟಿದ್ದ. ಒಂದು ಮೂಲೆಯಲ್ಲಿ ಕೂತು ಮೈ ತೊಳೆಯೋಕೆ ಮಣೆ, ತಂಬಿಗೆ, ಮೋರಿ. ಇನ್ನೊಂದು ಕಡೆ ಹಲಸಿನ ಮರದ ತೊಟ್ಟಿ, ಕತ್ತಿನವರೆಗೆ ಬಿಸಿನೀರು.

“ಕೊಳೆಯೆಲ್ಲ ಮಣೆ ಮೇಲೇ ತೊಳ್ಕೋಬೇಕು, ಆಮೇಲೆ ತೊಟ್ಟಿ. ಮನೆಮಂದಿಗೆಲ್ಲ ಅದೇ ನೀರು. ಈ ಕತ್ತೆ ಮೈಗೆಲ್ಲ ಹರಳೆಣ್ಣೆ ಬಳ್ಕೊಂಡು ಅಭ್ಯಂಜನ ಮಾಡಿ ಇಳಿದಿದ್ದಾನೆ! ಎಣ್ಣೆ ಮೇಲೆ ತೇಲ್ತಿತ್ತು, ಒಗ್ಗರಣೆ ಹಾಕಿದ ಸಾರಿನ ಹಾಗೆ!”

“ತೊಳ್ಕೊಳ್ಳಲೇ ಇಲ್ವಾ?”

“ಸೀಗೆಪುಡಿ ಹಾಕಿ ಉಜ್ಕೊಂಡೆ ಅಂತಾನೆ. ಸುಳ್ಳ! ಅಲ್ಲಿ ಜಪಾನಲ್ಲಿ ನೋಡಬೇಕು ನೀವು. ಮೊದಲ ದಿನವೇ ಮುದುಕ ಮೇಸ್ತ್ರಿ ನನ್ನ ಹಿಂದೆ ಮಣೆ ಹಾಕ್ಕೊಂಡು ಕೂತು ಬೆನ್ನು ಉಜ್ಜಿದ. ಆಮೇಲೆ ನಾನು ಅವನ ಬೆನ್ನು ಉಜ್ಜಿದೆ. ಶಿಸ್ತು ಅಂದ್ರೆ ಅದು!”

“ಅಂಗಿ ಬಿಚ್ಚು,” ಅಂದರು ಗುರುಗಳು.

“ಯಾಕೆ?”

“ಬಿಚ್ಚೋ!”

ಬಿಚ್ಚಿದ. ಗುರುಗಳು ಎಣ್ಣೆ ಬಟ್ಟಲಿಗೆ ಕೈ ಅದ್ದಿ, ಅವನ ಬೆನ್ನ ನಡುವೆ ಪಟಾರಂತ ಬಾರಿಸಿ ಬಳಿದರು.

“ಹೊಳೆಗೆ ಹೋಗಿ ತೊಳ್ಕೊಂಡು ಬಾ. ಸೀಗೆಪುಡಿ ಅಲ್ಲೇ ಇದೆ.”

ಈರಭದ್ರ ಗೊಣಗುತ್ತಾ ಹೋದ. ಉಜ್ಜಿದ, ಮುಳುಗಿದ, ಬಂದ.

ಗುರುಗಳು ಬಿಳಿ ಪಂಚೆಯ ತುದಿಯಿಂದ ಬೆನ್ನು ಒರೆಸಿ ತೋರಿಸಿದರು. ತುದಿ ತುಂಬ ಎಣ್ಣೆ.

“ಇನ್ನೊಂದು ಸಲ!”

ಮತ್ತೆ ಹೋದ. ಮರಳು ತಗೊಂಡು ಉಜ್ಜಿದ. ಒಂದು ಕೈ ಮೇಲಿಂದ, ಒಂದು ಕೈ ಕೆಳಗಿಂದ, ಬಲೆಗೆ ಸಿಕ್ಕ ಏಡಿ ಹಾಗೆ ಒದ್ದಾಡಿದ. ಹಲ್ಲು ಕಡೀತಾ ಬಂದ.

ಪಂಚೆಯ ಇನ್ನೊಂದು ತುದಿಗೂ ಎಣ್ಣೆ ಹತ್ತಿತು.

“ತೊಳೀಲೇ ಇಲ್ಲ ನೀನು! ಸುಳ್ಳ!” ಗುರುಗಳು ಕೂಗಿದ್ದಕ್ಕೆ ಮರದ ಮೇಲಿನ ಕೊಕ್ಕರೆ ಹಾರಿಹೋಯಿತು. “ನಡಿ, ಆಶ್ರಮ ಬಿಟ್ಟು ನಡಿ! ಇವತ್ತೇ!”

“ತೊಳೆದೆ ಗುರುಗಳೇ! ದೇವರಾಣೆ ತೊಳೆದೆ!” ಈರಭದ್ರನೂ ಕೂಗಿದ. ಕಣ್ಣಲ್ಲಿ ನೀರು ಬಂದಿತ್ತು. “ಚರ್ಮ ಕಿತ್ತು ಬರೋ ಹಾಗೆ ಉಜ್ಜಿದೀನಿ. ಅಲ್ಲಿಗೆ ನನ್ನ ಕೈ ಎಟುಕಲ್ಲ, ನಾನೇನು ಮಾಡಲಿ?”

ಹೇಳಿದವನೇ ಪಂಚೆಯ ಎಣ್ಣೆಯನ್ನೇ ನೋಡಿದ.

ಗುರುಗಳು ಪಂಚೆ ಹಿಂಡುತ್ತಾ ಕೇಳಿದರು.

“ನಿನ್ನ ಬಚ್ಚಲಲ್ಲಿ ಎಷ್ಟು ಮಣೆ ಹಾಕಿದೀಯ?”

“ಒಂದು.”

“ಹೋಗು, ಇನ್ನೊಂದು ಮಾಡು. ತಮ್ಮನ ಹಿಂದೆ ಅದನ್ನ ಹಾಕ್ಕೊಂಡು ನೀನು ಕೂತ್ಕೋ.”