ಚಂಪಿಗೆ ಬಾರದ ಕನ್ನಡ

“ಕನ್ನಡ ಅಂದರೆ ನಮ್ಮ ಹೊನ್ನಕೆರೆಯ ಕನ್ನಡ. ಉಳಿದದ್ದೆಲ್ಲ ಬರೀ ಗದ್ದಲ,” ಎಂದು ದೊರೆ ಹಿರಿಯಣ್ಣ ನಾಯಕ ಮೀಸೆ ತಿರುವಿದ.

ಎದುರಿಗೆ ಮಾವುತ ಹುಚ್ಚೀರಪ್ಪ ತಲೆತಗ್ಗಿಸಿ ನಿಂತಿದ್ದ. ಪಾಪ, ಬಡಗಣ ಸೀಮೆಯಿಂದ ತಾನು ಸಾಕಿದ ಆನೆ ಚಂಪಿಯ ಜೊತೆಗೇ ಬಂದವನು. “ಆನಿ ತಯಾರ್ ಐತ್ರಿ ದೊರಿ, ಹತ್ತಿ ಕುಂದರ್ರಿ” ಎಂದದ್ದಕ್ಕೆ ಇಡೀ ಆಸ್ಥಾನ ಕಿಸಕ್ಕೆಂದಿತ್ತು.

“ನಾಳೆಯಿಂದ ಅರಮನೆಯ ಕನ್ನಡವನ್ನೇ ಆಡು. ನಿನ್ನ ಸೀಮೆಯ ಒಂದು ಮಾತು ಬಂದರೂ ಗಡಿಪಾರು. ಆನೆ ಮಾತ್ರ ಇಲ್ಲೇ ಇರುತ್ತದೆ,” ಎಂದ ದೊರೆ.

ಸಭೆ ಮುಗಿದದ್ದೇ ಹುಚ್ಚೀರಪ್ಪ ಆಸ್ಥಾನದ ಜಾಣ ಕೆಂಚಯ್ಯನ ಕಾಲು ಹಿಡಿದ. “ನಾ ಹ್ವಾದ್ರ ಹೋಗ್ತೀನ್ರಿ ಧಣ್ಯಾರ. ಆದ್ರ ನಾ ಇಲ್ಲಂದ್ರ ಚಂಪಿ ಒಂದು ತುತ್ತೂ ಮುಟ್ಟೂದಿಲ್ಲ.”

ಕೆಂಚಯ್ಯ ಅವನನ್ನು ಹಿಡಿದೆತ್ತಿದ. “ಅಳಬೇಡ. ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸು. ದೊರೆಯೇ ಬಾಯಿಬಿಟ್ಟು ಹಿಂತೆಗೆದುಕೊಳ್ಳುವ ತನಕ ಚಂಪಿಯ ಜೊತೆಗೂ ಅರಮನೆಯ ಕನ್ನಡವೇ,” ಎಂದು ಒಂದೆರಡು ಮಾತು ಕಲಿಸಿಕೊಟ್ಟ.

ಮರುದಿನ ಚಂಪಿಯ ಮೇಲೆ ದೊರೆಯ ಸವಾರಿ ಹೊರಟಿತು; ಅವಳ ಕೊರಳ ಮೇಲೆ ಹುಚ್ಚೀರಪ್ಪ ಕೂತಿದ್ದ. ಕೆರೆ ಕಂಡದ್ದೇ ತಡ, ಚಂಪಿ ದಾರಿ ಬಿಟ್ಟು ನೀರಿನತ್ತ ನಡೆದಳು.

“ನಿಲ್ಲಿಸು,” ಎಂದ ದೊರೆ.

ಹುಚ್ಚೀರಪ್ಪ ಕೈಮುಗಿದ. “ಚಂಪಕಾದೇವಿಯವರೇ, ದಯವಿಟ್ಟು ನಿಲ್ಲುವಂಥವರಾಗಬೇಕು.”

ಚಂಪಿ ಕಿವಿ ಬೀಸಿಕೊಂಡು ನೀರಿಗಿಳಿದಳು. “ಆನೆಯೇ, ಹಿಂದಿರುಗು,” ಎಂದು ದೊರೆ ತಾನೇ ಗದರಿದ. ಅವಳು ಸೊಂಡಿಲು ತುಂಬ ನೀರು ಹೀರಿ ಅಂಬಾರಿಯ ಮೇಲೆ ಸುರಿದಳು. ದೊರೆಯ ಜರತಾರಿ ಪೇಟ ಮೂಗಿನ ತನಕ ಜಾರಿತು. ಇನ್ನು ಅವಳು ಮಲಗಿ ಹೊರಳುವುದೊಂದೇ ಬಾಕಿ.

“ಕೆಂಚಯ್ಯ, ನನಗೆ ಈಜು ಬಾರದು. ಇವನೇಕೆ ನಿಲ್ಲಿಸುತ್ತಿಲ್ಲ?”

ದಡದಲ್ಲಿದ್ದ ಕೆಂಚಯ್ಯ ನಡುಬಗ್ಗಿಸಿದ. “ನಿಲ್ಲಿಸುತ್ತಿದ್ದಾನೆ ಪ್ರಭು, ತಮ್ಮ ಕನ್ನಡದಲ್ಲಿ. ಅವಳನ್ನು ಸಾಕಿದ ಕನ್ನಡಕ್ಕೆ ಗಡಿಪಾರಿನ ಶಿಕ್ಷೆಯಿದೆ. ಅರಮನೆಯ ಕನ್ನಡದಲ್ಲೇ ಮುಳುಗುತ್ತೀರೋ, ಬಡಗಣ ಕನ್ನಡದಲ್ಲಿ ದಡ ಸೇರುತ್ತೀರೋ, ಅಪ್ಪಣೆಯಾಗಲಿ.”

“ಆ ಅಪ್ಪಣೆ ರದ್ದು! ಆಡು ಮಾರಾಯ, ನಿನ್ನ ಕನ್ನಡವನ್ನೇ ಆಡು.”

ಹುಚ್ಚೀರಪ್ಪ ಬಾಗಿ ಅವಳ ಕಿವಿ ಸವರಿದ. “ನಿಂದ್ರು ನನ್ನವ್ವಾ. ಹೊಳ್ಳಿ ನಡಿ.”

ಚಂಪಿ ತಟ್ಟನೆ ನಿಂತಳು, ಹೊರಳಿದಳು, ಸಾಧ್ವಿಯಂತೆ ದಡಕ್ಕೆ ಬಂದಳು.

ತೊಟ್ಟಿಕ್ಕುತ್ತಿದ್ದ ದೊರೆ ಮೊದಲು ಕಣ್ಣು ಕೆಕ್ಕರಿಸಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಕೊರಳ ಹಾರ ತೆಗೆದು ಹುಚ್ಚೀರಪ್ಪನಿಗೆ ಹಾಕಿದ. “ಕೆಂಚಯ್ಯ, ನಿನಗೇನು ಬೇಕು?”

“ಹೆಚ್ಚೇನಿಲ್ಲ ಪ್ರಭು. ನಿನ್ನೆ ಸಭೆಯಲ್ಲಿ ಕಿಸಕ್ಕೆಂದವರೆಲ್ಲ ನಾಳೆ ಚಂಪಿಯ ಮೇಲೆ ಕೆರೆಗೆ ಒಂದು ಸವಾರಿ ಹೋಗಿಬರಲಿ. ಹುಚ್ಚೀರಪ್ಪನಿಗೆ ಅವತ್ತು ರಜೆ ಕೊಡಿ.”