ಮುತ್ತಜ್ಜನ ಖಡ್ಗಕ್ಕೆ ಕಿತ್ತಳೆ ಸಿಪ್ಪೆ

ಆಯುಧಪೂಜೆಯ ಬೆಳಿಗ್ಗೆ ಪೈಪ್ ಕಾರ್ಖಾನೆಯ ಮ್ಯಾನೇಜರ್ ಚೆಲುವರಾಜೇ ಅರಸರು ಮುತ್ತಜ್ಜನ ಖಡ್ಗ ಹಿಡಿದು, ಪೈಪುಗಳ ತುಕ್ಕು ತೆಗೆಯುವ ಆಸಿಡ್ ತೊಟ್ಟಿಯ ಹತ್ತಿರ ಓಡಿಬಂದರು. ಅಲ್ಲಿ ಕೆಲಸಕ್ಕಿದ್ದವಳು ಚೌಡಮ್ಮ.

“ಹನ್ನೊಂದಕ್ಕೆ ಪೂಜೆ. ಅಷ್ಟರೊಳಗೆ ಇದರ ತುಕ್ಕು ಹೋಗಬೇಕು. ಕಬ್ಬಿಣ ಕೂದಲೆಳೆಯಷ್ಟು ಸವೆದರೂ ನಿನ್ನ ಕೆಲಸ ಹೋಯ್ತು!”

“ಬರೀ ಆಸಿಡ್ಡಿಗೆ ಹಾಕಿದರೆ ಕಬ್ಬಿಣವನ್ನೂ ತಿನ್ನುತ್ತೆ ಸಾರ್. ಕಿತ್ತಳೆ ಸಿಪ್ಪೆ ಕುದಿಸಿದ ನೀರು ಬೆರೆಸಿದರೆ ಕಬ್ಬಿಣ ಉಳಿಯುತ್ತೆ, ತುಕ್ಕು ಹೋಗುತ್ತೆ.”

“ಮತ್ತೆ ಬೆರೆಸು!”

“ಕ್ಯಾಂಟೀನಿನ ಸಿಪ್ಪೆ ಒಂದು ಡ್ರಮ್ ಕೂಡಿಟ್ಟಿದ್ದೆ. ಕಸ ಅಂತ ನಿನ್ನೆ ನೀವೇ ಬಿಸಾಡಿಸಿಬಿಟ್ರಿ.”

ಅರಸರು ಗಡಿಯಾರ ನೋಡಿದರು, ಖಡ್ಗ ನೋಡಿದರು, ಮತ್ತೆ ಗಡಿಯಾರ ನೋಡಿದರು. ಹಣೆಯ ಬೆವರು ಒರೆಸಿಕೊಂಡು, “ಈಗೇನು ಮಾಡೋದೇ?” ಎಂದರು.

ಚೌಡಮ್ಮ ಕ್ಯಾಂಟೀನಿಗೆ ಹೋಗಿ ಒಂದು ಬುಟ್ಟಿ ಕಿತ್ತಳೆ ತಂದು ಮುಂದಿಟ್ಟಳು.

“ಸಿಪ್ಪೆ ನಂಗೆ ಕೊಡಿ ಸಾರ್. ಒಳಗಿನ ತೊಳೆಗಳನ್ನ ನೀವು ತಿನ್ನಿ. ಎಸೆದರೆ ಕಸ ಆಗುತ್ತೆ, ಕಸ ಕಂಡರೆ ನಿಮಗಾಗಲ್ಲ.”

ಅರಸರು ಸುಲಿದರು, ತಿಂದರು. ಅವಳು ಸಿಪ್ಪೆಯನ್ನು ಕುದಿಯುವ ನೀರಿಗೆ ಹಾಕುತ್ತ ಹೋದಳು. ಹದಿನೆಂಟನೇ ಹಣ್ಣಿಗೆ ಅರಸರು ತೇಗಿ, ಕಣ್ಣಲ್ಲಿ ನೀರು ತುಂಬಿಕೊಂಡು, “ಸಾಕೇನಮ್ಮ?” ಎಂದು ಕೇಳಿದರು.

ಚೌಡಮ್ಮ ಖಡ್ಗವನ್ನು ಹಿಡಿಯಿಂದ ತುದಿಯವರೆಗೂ ಗೇಣು ಹಾಕಿ ಅಳೆದಳು.

“ನಿಮ್ಮ ಮುತ್ತಜ್ಜ ಇಷ್ಟುದ್ದದ್ದು ಹಿಡಿಯಬಾರದಿತ್ತು ಸಾರ್. ಇನ್ನೊಂದಾರು ತಿನ್ನಿ.”