ಬಟ್ಟೆ ವ್ಯಾಪಾರಿಯ ಹೊಟ್ಟೆಕಿಚ್ಚು

"ಗುರುಗಳೇ, ಜೊತೆಯಲ್ಲೇ ಬೆಳೆದವನಿಗೆ ಹೇಳದ ಮಾತನ್ನು ಮನುಷ್ಯ ಗುರುತಿಲ್ಲದವರ ಮುಂದೆ ಯಾಕೆ ಹೇಳಿಕೊಳ್ಳುತ್ತಾನೆ?" ಎಂದು ಶಾಂತವೀರ ಕೇಳಿದ.

ಅವನು ಕೇಳಿದ್ದು ಗೆಳೆಯ ಅಡಿವೆಪ್ಪನ ವಿಷಯ. ಇಬ್ಬರೂ ಒಂದೇ ಮಠದ ಶಿಷ್ಯರು, ಒಂದೇ ಕೋಣೆಯಲ್ಲಿ ಇರುವವರು. ತಮ್ಮ ತೀರಿಕೊಂಡ ಮೇಲೆ ಅಡಿವೆಪ್ಪನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಈಗ ಅವನು ವಾರಕ್ಕೊಮ್ಮೆ ಪಟ್ಟಣದ ಆಪ್ತಸಮಾಲೋಚಕರ ಬಳಿಗೆ ಹೋಗಿ ಬರುತ್ತಿದ್ದ. ಬಂದ ಮೇಲೆ ನೆಮ್ಮದಿಯಾಗಿ ಮಲಗುತ್ತಿದ್ದ. ಅಲ್ಲಿ ಏನು ಮಾತಾಯಿತು ಎಂದು ಮಾತ್ರ ಹೇಳುತ್ತಿರಲಿಲ್ಲ.

"ಅವನಿಗೆ ನಾನು ಸಾಲದಾದೆನೇ?" ಎಂದು ಶಾಂತವೀರ ಮತ್ತೆ ಕೇಳಿದ.

ಅದು ತಿಳಿವಳಿಕೆಗಾಗಿ ಕೇಳಿದ ಪ್ರಶ್ನೆಯಂತೆ ಕಾಣುತ್ತಿತ್ತು. ಆದರೆ ಒಳಗೆ ಅಸೂಯೆ ಇತ್ತು. ಗುರುಗಳಿಗೆ ಅದು ತಿಳಿಯಿತು. ತಿಳಿದದ್ದರಿಂದಲೇ ಅವರು ನೇರವಾಗಿ ಉತ್ತರ ಕೊಡದೆ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಊಟ ಸೇರದಾಯಿತು. ತುತ್ತು ಗಂಟಲಲ್ಲಿ ನಿಲ್ಲುತ್ತಿತ್ತು. ದಿನದಿಂದ ದಿನಕ್ಕೆ ಸೊರಗಿದಳು. ವ್ಯಾಪಾರಿ ಅವಳನ್ನು ವೈದ್ಯರಿಗೆ ತೋರಿಸಿದ. ವೈದ್ಯರು ಪರೀಕ್ಷಿಸಿ ಔಷಧ ಕೊಟ್ಟರು. "ಇದನ್ನು ಬಿಡದೆ ತೆಗೆದುಕೊಳ್ಳಲಿ. ಆದರೆ ನೋವು ಹೊಟ್ಟೆಗೆ ಮಾತ್ರ ಆಗಿಲ್ಲ. ಮನಸ್ಸಿನ ವೈದ್ಯೆಯನ್ನೂ ಕಾಣಲಿ" ಎಂದರು.

ಮನಸ್ಸಿನ ವೈದ್ಯೆ ಎಂದರೆ ಹುಚ್ಚು ಬಿಡಿಸುವವಳು ಎಂದು ತಿಳಿಯಬೇಡ. ಅವಳು ಎದುರಿಗೆ ಕೂತು ಕೇಳುವವಳು. ಗಂಟು ಎಲ್ಲಿ ಬಿದ್ದಿದೆ ಎಂದು ಗಂಟು ಬಿದ್ದವರಿಗೇ ಕಾಣುವಂತೆ ಮಾಡುವವಳು.

ಹೆಂಡತಿ ಹೆದರುತ್ತಲೇ ಹೋದಳು. ಮೊದಲ ದಿನ ಅವಳಿಗೆ ಮಾತು ಬರಲಿಲ್ಲ. ವೈದ್ಯೆ ಅವಸರಪಡಿಸಲಿಲ್ಲ. ಊಟದ ಬಗ್ಗೆ ಕೇಳಿದಳು. ನಿದ್ದೆಯ ಬಗ್ಗೆಯೂ ಕೇಳಿದಳು, ಯಾರ ಜೊತೆ ನಗುತ್ತೀರಿ ಎಂದೂ ಕೇಳಿದಳು. ಆ ಕೊನೆಯ ಪ್ರಶ್ನೆಗೆ ಅವಳು ಅತ್ತುಬಿಟ್ಟಳು. ಅಷ್ಟೇ ಆದದ್ದು. ಆದರೂ ಮುಂದಿನ ವಾರ ಅವಳಾಗಿಯೇ ಹೊರಟಳು.

ಕೆಲವು ವಾರಗಳಲ್ಲಿ ಅರ್ಧ ರೊಟ್ಟಿ ತಿನ್ನುತ್ತಿದ್ದವಳು ಒಂದು ರೊಟ್ಟಿ ತಿಂದಳು. ಬೆಳಗ್ಗೆ ಕೆರೆಯವರೆಗೆ ನಡೆಯತೊಡಗಿದಳು. ಮಾತು ಬಿಟ್ಟಿದ್ದ ಅಕ್ಕನ ಮನೆಗೆ ಹೋಗಿ ಬಂದಳು. ವ್ಯಾಪಾರಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಸಂತೋಷಕ್ಕಿಂತ ಹೊಟ್ಟೆಕಿಚ್ಚು ಹೆಚ್ಚಾಯಿತು. ಅವಳು ಗುಣವಾಗುತ್ತಿದ್ದದ್ದು ಅವನಿಗೆ ಬೇಕಿತ್ತು, ಬೇರೆಯವರಿಂದ ಗುಣವಾಗುತ್ತಿದ್ದದ್ದು ಬೇಡವಾಗಿತ್ತು.

ಒಂದು ದಿನ ಅವಳು ಮನೆಗೆ ಬಂದ ಕೂಡಲೇ ಅವನು ಚುಚ್ಚಿದ: "ಏನು ಅಮ್ಮಾವ್ರೇ, ಇವತ್ತು ನನ್ನ ಮೇಲೆ ಎಷ್ಟು ಚಾಡಿ ಹೇಳಿ ಬಂದಿರಿ?"

"ಇವತ್ತು ನಿಮ್ಮ ಸುದ್ದಿಯೇ ಬರಲಿಲ್ಲ" ಎಂದು ಅವಳು ನಕ್ಕಳು.

ಚಾಡಿ ಹೇಳಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಸುದ್ದಿಯೇ ಬರಲಿಲ್ಲ ಎಂದದ್ದನ್ನು ತಡೆದುಕೊಳ್ಳಲಾಗಲಿಲ್ಲ. "ಇನ್ನು ಅಲ್ಲಿಗೆ ಹೋಗಬೇಡ. ನಾನಿಲ್ಲವೇ? ಏನಿದ್ದರೂ ನನಗೇ ಹೇಳು" ಎಂದ. ಮರುದಿನ ಅಂಗಡಿಯನ್ನು ಬೇಗ ಮುಚ್ಚಿ ಬಂದು ಅವಳ ಎದುರಿಗೆ ಕೂತ.

ಅವಳು, "ಈ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ" ಎಂದಳು.

"ಅದಕ್ಕೇನಂತೆ, ಇನ್ನೊಂದು ಕಿಟಕಿ ಇಡಿಸೋಣ."

"ಕಾರಣವಿಲ್ಲದೆ ಭಯವಾಗುತ್ತದೆ."

"ಕಾರಣವೇ ಇಲ್ಲ ಅಂದ ಮೇಲೆ ಎಂಥ ಭಯ?"

"ಸರಿ ಬಿಡಿ" ಎಂದು ಅವಳು ಎದ್ದು ಒಳಗೆ ಹೋದಳು.

ಅವನು ಕೆಟ್ಟವನಲ್ಲ. ಬಣ್ಣ ಹೋಗುತ್ತದೇನೋ ಎಂದು ಗಿರಾಕಿ ಅನುಮಾನಪಟ್ಟರೆ ಹೋಗುವುದಿಲ್ಲ ಎಂದು ತಕ್ಷಣ ಹೇಳುವುದು ಅವನ ಕಸುಬು. ಹೆಂಡತಿಯ ಸಂಕಟಕ್ಕೂ ಅವನು ಅಂಗಡಿಯ ಉತ್ತರವನ್ನೇ ಕೊಟ್ಟ.

ವೈದ್ಯೆಯ ಬಳಿಗೆ ಹೋಗುವುದು ನಿಂತಿತು. ತಟ್ಟೆಯಲ್ಲಿ ಮತ್ತೆ ರೊಟ್ಟಿ ಉಳಿಯತೊಡಗಿತು. ಅವನಿಗೆ ಗಾಬರಿಯಾಯಿತು. ಆ ಗಾಬರಿಯೂ ಸಿಟ್ಟಾಗಿಯೇ ಹೊರಬಂತು. ನೇರವಾಗಿ ವೈದ್ಯೆಯ ಬಳಿಗೆ ಹೋದ. "ಅವಳು ಇಲ್ಲಿ ಏನು ಹೇಳುತ್ತಿದ್ದಳು?" ಎಂದು ಕೇಳಿದ.

"ಅದು ಅವರ ಮಾತು. ನಾನು ಹೇಳುವ ಹಾಗಿಲ್ಲ" ಎಂದಳು ವೈದ್ಯೆ.

"ಇಷ್ಟು ವರ್ಷ ಜೊತೆಗೆ ಬಾಳಿದವನು ನಾನು. ನೀವು ಮೊನ್ನೆ ಮೊನ್ನೆ ಸಿಕ್ಕವರು. ನನ್ನಲ್ಲಿ ಇಲ್ಲದ್ದು ನಿಮ್ಮಲ್ಲಿ ಏನಿದೆ?"

"ಏನೂ ಇಲ್ಲ. ನಾನು ಅವರಿಗೆ ಏನೂ ಆಗಬೇಕಾದವಳಲ್ಲ. ಅದೇ ಅನುಕೂಲ. ನನಗೆ ನೋವಾದೀತು ಎಂದು ಅವರು ಅಳುವನ್ನು ನುಂಗಬೇಕಾಗಿಲ್ಲ. ಯಾವಾಗಲೂ ನುಂಗುತ್ತಲೇ ಇರುವ ಗಂಟಲಲ್ಲಿ ಅನ್ನ ಹೇಗೆ ಇಳಿಯಬೇಕು ಹೇಳಿ?"

ವ್ಯಾಪಾರಿ ಎದ್ದು ಬಂದ. ಮನೆಗೆ ಹೋಗಿ ಹೆಂಡತಿಗೆ, "ನಾಳೆ ಹೋಗು. ನಾನು ಬಾಗಿಲ ತನಕ ಬರುತ್ತೇನೆ, ಒಳಗೆ ಬರುವುದಿಲ್ಲ" ಎಂದ.

ಮರುದಿನ ಅವನು ಹೊರಗಿನ ಬೆಂಚಿನ ಮೇಲೆ ಕೂತ. ಒಳಗಿನಿಂದ ಅವಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚು ಆಗಲೂ ಇತ್ತು. ಆದರೆ ಅವನು ಎದ್ದು ಹೋಗಿ ಬಾಗಿಲು ಬಡಿಯಲಿಲ್ಲ. ಅವಳು ಹೊರಗೆ ಬರುವವರೆಗೂ ಕಾದ. ಆಮೇಲೂ ಪ್ರತಿ ವಾರ ಹಾಗೆಯೇ ಬಂದು ಕೂತ.

ಗುರುಗಳು ಕತೆ ನಿಲ್ಲಿಸಿದರು.

ಶಾಂತವೀರ ಮುಂದಕ್ಕೆ ಬಾಗಿದ. "ಆಮೇಲೆ ಏನಾಯಿತು ಗುರುಗಳೇ? ಅವಳು ಕೊನೆಗಾದರೂ ಗಂಡನಿಗೆ ಹೇಳಿದಳೇ? ಒಳಗೆ ಏನು ಹೇಳಿಕೊಳ್ಳುತ್ತಿದ್ದಳಂತೆ?"

ಗುರುಗಳು ಅವನ ಮುಖ ನೋಡಿ ಹೇಳಿದರು:

"ಅವಳಿಗೆ ಈಗ ಊಟ ಸೇರುತ್ತದೆಯೇ ಎಂದು ನೀನೂ ಕೇಳಲಿಲ್ಲವಲ್ಲ, ಶಾಂತವೀರ."